ವಿಯೆಟ್ನಾಮಿನ ನಮ್ಮ ಅತ್ತೆಯವರು ಆಸ್ಪತ್ರೆಯಿಂದ ಬಂದ ಮೇಲೆ ಊಟ ಬಿಟ್ಟಿದ್ದಾರೆ. ತಿಳಿದವರು ದಾರಿ ಹೇಳಬೇಕು

ಸಾಗರದವನು (ಸ್ಯಾನ್ ಹೋಸೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವನು. ಹದಿನೆಂಟು ವರ್ಷಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನನ್ನ ಹೆಂಡತಿ ವಿಯೆಟ್ನಾಮಿ ಕುಟುಂಬದವಳು, ಹುಟ್ಟಿ ಬೆಳೆದದ್ದು ಇಲ್ಲಿಯೇ. ಅತ್ತೆಯವರಿಗೆ ಈಗ ಎಪ್ಪತ್ನಾಲ್ಕು. ಅವರು ಮೆಕಾಂಗ್ ನದಿ ಕವಲೊಡೆದು ಕಡಲು ಸೇರುವ ಬಯಲಿನ ಮೀ ಥೋ ಊರಿನವರು. 1980ರಲ್ಲಿ ದೋಣಿ ಹತ್ತಿ ಊರು ಬಿಟ್ಟು, ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪದ ನಿರಾಶ್ರಿತರ ಶಿಬಿರದಲ್ಲಿ ಎಂಟು ತಿಂಗಳು ಕಳೆದು, ಆಮೇಲೆ ಈ ಊರಿಗೆ ಬಂದು ನೆಲೆಸಿದರು. ಮಾವನವರು ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ನಮ್ಮ ಜೊತೆಗೇ ಇದ್ದಾರೆ.

ಎರಡು ತಿಂಗಳ ಹಿಂದೆ ಅವರ ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುವಂತಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೃದಯದ ಶಕ್ತಿ ಕುಗ್ಗಿದೆ ಎಂದು ಹೇಳಿ, ದಿನಕ್ಕೆ 2,000 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಕೂಡದೆಂದು ವೈದ್ಯರು ಕಟ್ಟುನಿಟ್ಟಾಗಿ ತಿಳಿಸಿ, ಏನು ತಿನ್ನಬೇಕು, ಏನು ಬಿಡಬೇಕು ಎಂಬ ಒಂದು ಹಾಳೆಯನ್ನೂ ಕೊಟ್ಟರು. ಆ ಹಾಳೆಯಲ್ಲಿ ಓಟ್ಸ್ ಇತ್ತು, ಬೇಯಿಸಿದ ಕೋಳಿಯ ಎದೆಮಾಂಸವಿತ್ತು, ಹಸಿ ತರಕಾರಿಯಿತ್ತು. ಅತ್ತೆಯವರು ಜನ್ಮದಲ್ಲಿ ಊಟವೆಂದು ಕರೆದ ಒಂದು ಪದಾರ್ಥವೂ ಇರಲಿಲ್ಲ. ನನ್ನ ಹೆಂಡತಿ ಹೆದರಿಕೆಯಿಂದ ಅದೇ ಸಂಜೆ ನುವೊಕ್ ಮಾಮ್ ಸೀಸೆಯನ್ನು, ಅಂದರೆ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ಇಳಿಸಿದ ರಸವನ್ನು, ಅಡುಗೆಮನೆಯಿಂದ ತೆಗೆದು ಗ್ಯಾರೇಜಿನಲ್ಲಿಟ್ಟಳು. ಅಂದಿನಿಂದ ಅತ್ತೆಯವರು ಮೂರು ಚಮಚ ಗಂಜಿ ಕುಡಿದು ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಾರೆ. ದೂರುವುದಿಲ್ಲ, ಸಿಟ್ಟು ಮಾಡುವುದಿಲ್ಲ, ‘ಹಸಿವಿಲ್ಲ’ ಎಂದಷ್ಟೇ ಹೇಳುತ್ತಾರೆ. ಆದರೆ ನಾನು ಸಂಜೆ ಕೆಲಸದಿಂದ ಬಂದ ಕೂಡಲೇ ಮೊದಲು ಕೇಳುವ ಮಾತು ಇವತ್ತಿಗೂ ‘ಆನ್ ಕಮ್ ಚುವ?’ ಎಂದೇ. ‘ಊಟ ಆಯ್ತಾ?’ ಎಂಬ ನಮ್ಮ ಅಮ್ಮನ ಮಾತೇ ಅದು. ತಾವು ಉಣ್ಣದೆ ನನ್ನನ್ನು ಹಾಗೆ ಕೇಳುವಾಗ ನನಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ.

ಇನ್ನೊಂದು ಸಂಗತಿಯೂ ಇದೆ. ಕಳೆದ ವಾರ ತಪಾಸಣೆಗೆ ಹೋದಾಗ ಅವರ ಬೆನ್ನಿನ ಮೇಲೆ ಕೆಂಪು ಗೆರೆಗಳನ್ನು ಕಂಡ ದಾದಿಯೊಬ್ಬರು ನನ್ನ ಹೆಂಡತಿಯನ್ನು ಪ್ರತ್ಯೇಕವಾಗಿ ಕೂರಿಸಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ ಎಂದು ವಿಚಾರಿಸಿದರು. ಆ ಗೆರೆಗಳು ‘ಕಾವ್ ಯೋ’ ಎಂಬ ಮನೆಮದ್ದಿನಿಂದ ಬಂದವು. ಮೈಗೆ ‘ಗಾಳಿ ಹೊಕ್ಕಿದೆ’ ಎಂದು ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಗೀಚುತ್ತಾರೆ. ಪಕ್ಕದ ಬೀದಿಯ ಗೆಳತಿ ಮಾಡಿದ್ದಂತೆ. ತಾಯಿ–ಮಗಳ ನಡುವೆ ಅಂದು ರಾತ್ರಿ ಮಾತಿಗೆ ಮಾತು ಬೆಳೆದು, ಈಗ ಇಬ್ಬರೂ ಮೌನವಾಗಿದ್ದಾರೆ. ವಿಯೆಟ್ನಾಮಿ ಮನೆಗಳ ಒಡನಾಟವಿರುವ ಕನ್ನಡಿಗರು, ವೈದ್ಯಕೀಯ ಕ್ಷೇತ್ರದಲ್ಲಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಉಪ್ಪಿನ ಮಿತಿಯನ್ನು ಮೀರದೆ ಇವರನ್ನು ಮತ್ತೆ ಊಟಕ್ಕೆ ಕೂರಿಸುವುದು ಹೇಗೆ?

ಹೇಮಾವತಿ ತೀರ (ಹ್ಯೂಸ್ಟನ್) ಉತ್ತರ:

ನಾನು ಆಹಾರ ತಜ್ಞೆ. ನಮ್ಮ ಚಿಕಿತ್ಸಾಲಯಕ್ಕೆ ಬರುವ ಹಿರಿಯರಲ್ಲಿ ವಿಯೆಟ್ನಾಮಿಗಳು ಬಹಳ. ಮೊದಲು ತುರ್ತಿನ ಮಾತು. ಅವರ ತೂಕವನ್ನು ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಡಿ, ಊಟ ಕಡಿಮೆಯಾದ ವಿಷಯವನ್ನು ಮುಂದಿನ ಭೇಟಿಗೆ ಕಾಯದೆ ಈ ವಾರವೇ ವೈದ್ಯರಿಗೆ ತಿಳಿಸಿ. ಮೈಯಲ್ಲಿ ತುಂಬಿದ ನೀರು ಮಾತ್ರೆಯಿಂದ ಇಳಿದರೂ ತೂಕ ಇಳಿಯುತ್ತದೆ, ಉಣ್ಣದೆ ಸ್ನಾಯು ಕರಗಿದರೂ ಇಳಿಯುತ್ತದೆ. ಎರಡರ ವ್ಯತ್ಯಾಸವನ್ನು ಹೇಳಬೇಕಾದವರು ವೈದ್ಯರೇ.

ಇನ್ನು ಸೀಸೆಯ ವಿಚಾರ. ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ: ಒಂದು ದೊಡ್ಡ ಚಮಚ ನುವೊಕ್ ಮಾಮ್‌ನಲ್ಲಿ ಸುಮಾರು 1,400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಆದರೆ ಅದೇ ಲೆಕ್ಕದಲ್ಲಿ ಒಂದು ಚಿಕ್ಕ ಟೀ ಚಮಚಕ್ಕೆ ಬರುವುದು 470ರ ಆಸುಪಾಸು. ಉಳಿದ ಅಡುಗೆಯನ್ನು ಉಪ್ಪಿಲ್ಲದೆ ಮಾಡಿದರೆ ದಿನಕ್ಕೆ ಅಷ್ಟು 2,000ದ ಒಳಗೆ ಹಿಡಿಸುತ್ತದೆ. ಆದ್ದರಿಂದ ಸೀಸೆಯನ್ನು ಗ್ಯಾರೇಜಿನಿಂದ ಒಳಗೆ ತನ್ನಿ. ಹೊರಗೆ ಹೋಗಬೇಕಾದವು ಬೇರೆ ಇವೆ. ನಾನು ಮನೆಗಳಿಗೆ ಹೋಗಿ ಕಪಾಟು ತೆರೆದು ನೋಡಿದಾಗ ಕಳ್ಳ ಉಪ್ಪು ಸಿಕ್ಕುವುದು ಪೊಟ್ಟಣದ ನೂಡಲ್ಸ್‌ನಲ್ಲಿ, ಸಾರಿಗೆ ಉದುರಿಸುವ ಮಸಾಲೆ ಪುಡಿಯಲ್ಲಿ, ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪಿನಲ್ಲಿ, ಒಣಗಿಸಿದ ಸಾಸೇಜಿನಲ್ಲಿ. ಪಾತ್ರೆಯಲ್ಲಿ ಬೇಯುವ ಯಾವುದಕ್ಕೂ ಉಪ್ಪಾಗಲಿ ಮೀನಿನ ರಸವಾಗಲಿ ಹಾಕಬೇಡಿ. ಅಳೆದ ಆ ಒಂದು ಚಮಚವನ್ನು ಪುಟ್ಟ ಬಟ್ಟಲಿನಲ್ಲಿಟ್ಟು, ಅದಕ್ಕೆ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಚಿಟಿಕೆ ಸಕ್ಕರೆ, ಸ್ವಲ್ಪ ನೀರು ಸೇರಿಸಿ ಊಟದ ಮಧ್ಯೆ ಇಡಿ. ತರಕಾರಿಯನ್ನೋ ಮೀನಿನ ತುಂಡನ್ನೋ ಅದರಲ್ಲಿ ತುದಿ ಅದ್ದಿ ತಿಂದರೆ ನಾಲಿಗೆಗೆ ಮೊದಲು ತಾಗುವುದು ಆ ರುಚಿಯೇ. ಕುದಿಯುವ ಸಾರಿನಲ್ಲಿ ಕರಗಿದ ಉಪ್ಪಿಗೆ ಆ ಬಲವಿಲ್ಲ. ವಿಯೆಟ್ನಾಮಿ ಊಟದಲ್ಲಿ ಅನ್ನ, ಒಂದು ಸಾರು, ಒಂದು ಗಟ್ಟಿ ಪದಾರ್ಥ, ಸೊಪ್ಪು ಇಷ್ಟೂ ಸುತ್ತ ಇರುತ್ತವೆ, ಎಲ್ಲರ ಕೈಯೂ ಸೇರುವ ಜಾಗ ಈ ಅದ್ದುವ ಬಟ್ಟಲು. ಅದನ್ನು ತೆಗೆದರೆ ಬಡಿಸಿದ ಎಲೆಯಿಂದ ಅನ್ನವನ್ನೇ ತೆಗೆದಂತೆ ಅವರಿಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಬಟ್ಟಲನ್ನು ಕಲಸುವ ಕೆಲಸವನ್ನು ಅವರ ಕೈಗೇ ಕೊಡಿ.

ಇನ್ನೊಂದು ಎಚ್ಚರಿಕೆ: ‘ಕಡಿಮೆ ಸೋಡಿಯಂ’ ಎಂದು ಮಾರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳ ಜೊತೆ ಅದು ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು, ವೈದ್ಯರನ್ನು ಕೇಳದೆ ತರಬೇಡಿ. ನೀರಿನ ಮಿತಿ ಹೇಳಿದ್ದರೆ ಸಾರು, ಗಂಜಿ ಎಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ.

ಕೊನೆಯದಾಗಿ, ವಿಯೆಟ್ನಾಮಿ ಎಂದ ಕೂಡಲೇ ಎಲ್ಲರೂ ‘ಫೋ’ ಎಂಬ ನೂಡಲ್ಸ್ ಸಾರನ್ನು ಮಾಡಿಕೊಡಲು ಹೋಗುತ್ತಾರೆ. ಫೋ ಹುಟ್ಟಿದ್ದು ಉತ್ತರದಲ್ಲಿ, ಹನೋಯ್ ಮತ್ತು ನಾಮ್ ಡಿನ್ ಸೀಮೆಯಲ್ಲಿ. 1954ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ದಕ್ಷಿಣಕ್ಕೆ ಬಂದಾಗ ಅವರೊಡನೆ ಅದೂ ಬಂದು ದಕ್ಷಿಣದಲ್ಲಿ ಮನೆಮಾತಾಯಿತು. ನಿಮ್ಮ ಅತ್ತೆಯವರ ಮೀ ಥೋ ಊರಿನ ಹೆಸರು ಹೊತ್ತ ನೂಡಲ್ಸ್ ‘ಹೂ ತಿಯೂ’ ಬೇರೆಯೇ ಇದೆ. ಅದಕ್ಕಿಂತಲೂ ಈಗ ನಿಮಗೆ ನೆರವಾಗುವುದು ಆ ನದೀಬಯಲಿನ ಹುಳಿ ಸಾರು, ‘ಕಾನ್ ಚುವ’. ಅದರಲ್ಲಿ ಹುಣಸೆಹುಳಿ, ಟೊಮೆಟೊ, ಅನಾನಸ್, ಬೆಂಡೆಕಾಯಿ, ಕೆಸುವಿನ ಜಾತಿಯ ದಂಟು, ಮೀನು ಇರುತ್ತವೆ. ಮಲೆನಾಡಿನವರಿಗೆ ನಾನು ಕೆಸುವಿಗೂ ಹುಳಿಗೂ ಇರುವ ನಂಟನ್ನು ವಿವರಿಸಬೇಕಾಗಿಲ್ಲ. ಹುಳಿ ಮುಂದೆ ಬಂದಾಗ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಬೆಳವಲ (ಬಾಸ್ಟನ್) ಉತ್ತರ:

ನಾನು ಧಾರವಾಡ ಕಡೆಯವನು, ನಿವೃತ್ತ ವೈದ್ಯ. ಬಾಸ್ಟನ್ ನಗರದ ಡಾರ್ಚೆಸ್ಟರ್ ಭಾಗದಲ್ಲಿ ಬಹಳ ವರ್ಷ ವಿಯೆಟ್ನಾಮಿ ಕುಟುಂಬಗಳನ್ನು ನೋಡಿದ್ದೇನೆ. ಬೆನ್ನಿನ ಗೆರೆಗಳ ಬಗ್ಗೆ ಮೊದಲು ಹೇಳುತ್ತೇನೆ. ಬೆನ್ನುಹುರಿಯ ಎರಡು ಬದಿಗೂ ಪಕ್ಕೆಲುಬಿನ ಗುಂಟವೂ ಸಮಾನಾಂತರವಾಗಿ ಮೂಡುವ ಆ ಕೆಂಪು ಪಟ್ಟೆಗಳು ಕೆಲವೇ ದಿನಗಳಲ್ಲಿ ಮಾಸುತ್ತವೆ. ಅಮೆರಿಕದ ವೈದ್ಯರು ಅವನ್ನು ಹೊಡೆತದ ಗುರುತೆಂದು ತಪ್ಪು ತಿಳಿದ ಪ್ರಸಂಗಗಳು ನಿರಾಶ್ರಿತರು ಬಂದ ಮೊದಲ ವರ್ಷಗಳಿಂದಲೂ ನಡೆದಿವೆ. 1980ರಲ್ಲಿಯೇ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ವಿವರಿಸುವ ಲೇಖನ ಬಂದಿತ್ತು. ಆ ದಾದಿಯ ಮೇಲೆ ಬೇಸರ ಬೇಡ. ವೃದ್ಧರ ಮೈಮೇಲೆ ಗುರುತು ಕಂಡರೆ ವಿಚಾರಿಸುವುದು ಆ ರಾಜ್ಯದ ಕಾನೂನು ಅವರ ಮೇಲೆ ಹೊರಿಸಿದ ಕರ್ತವ್ಯ. ನೀವು ಮಾಡಬೇಕಾದದ್ದು, ಇದು ಮನೆಮದ್ದಿನ ಗುರುತು ಎಂದು ವೈದ್ಯರಿಗೆ ಹೇಳಿ ದಾಖಲೆಯಲ್ಲಿ ಬರೆಸುವುದು. ಜೊತೆಗೆ, ರಕ್ತ ತೆಳುವಾಗಿಸುವ ಮಾತ್ರೆಯನ್ನು ಅತ್ತೆಯವರು ತೆಗೆದುಕೊಳ್ಳುತ್ತಿದ್ದರೆ ನಾಣ್ಯದ ಗೀಚಿನಿಂದ ಚರ್ಮದಡಿ ರಕ್ತ ಒಸರಿ ದೊಡ್ಡ ಕಲೆ ಮೂಡಬಹುದು. ಹಚ್ಚುವ ಘಾಟಿನ ಎಣ್ಣೆಗಳಲ್ಲಿ ಕೆಲವಕ್ಕೆ ಮೀಥೈಲ್ ಸ್ಯಾಲಿಸಿಲೇಟ್ ಎಂಬ ರಾಸಾಯನಿಕ ಸೇರಿರುತ್ತದೆ, ಅದು ಚರ್ಮದ ಮೂಲಕ ಒಳಗಿಳಿದು, ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಹೆಚ್ಚಿಸುತ್ತದೆ. ಎಣ್ಣೆಯ ಸೀಸೆಯನ್ನೂ ಔಷಧದಂಗಡಿಯವರಿಗೆ ತೋರಿಸಿ.

ಇದಕ್ಕಿಂತ ಮುಖ್ಯವಾದದ್ದು ಕಷಾಯದ ಪೊಟ್ಟಣಗಳು. ಅವರ ಗೆಳತಿಯರು ‘ಥುವೊಕ್ ಬಾಕ್’ ಎಂಬ, ಚೀನೀ ಪದ್ಧತಿಯ ಬೇರು–ತೊಗಟೆಗಳ ಕಟ್ಟನ್ನು ಪ್ರೀತಿಯಿಂದ ತಂದುಕೊಟ್ಟಿರಬಹುದು. ಆ ಕಟ್ಟುಗಳಲ್ಲಿ ಬಹುಪಾಲು ಜೇಷ್ಠಮಧುವಿರುತ್ತದೆ. ಜೇಷ್ಠಮಧು ಮೈಯಲ್ಲಿ ಉಪ್ಪು–ನೀರನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತದೆ. ಹೃದಯ ಸೋತವರಿಗೆ ಅದು ಸಲ್ಲದು. ಬಯ್ದು ಎಸೆಯಬೇಡಿ, ‘ಏನೇನಿದೆ ನೋಡೋಣ’ ಎಂದು ಅವರ ಜೊತೆ ಕೂತು ಬಿಡಿಸಿ ಕೇಳಿ. ಗುಟ್ಟಾಗಿ ಕುಡಿಯುವ ಸ್ಥಿತಿ ಬಂದರೆ ನಮಗೆ ಗೊತ್ತಾಗುವುದೇ ಇಲ್ಲ.

ಹಸಿವಿನ ಬಗ್ಗೆ ಒಂದು ಮಾತು. 1975ರಲ್ಲಿ ಯುದ್ಧ ಮುಗಿದ ಮೇಲೆ, 1986ರ ಆರ್ಥಿಕ ಸುಧಾರಣೆಯವರೆಗೆ, ಆ ದೇಶ ಪಡಿತರ ಚೀಟಿಯ ಕಾಲವನ್ನು ಕಂಡಿತು. ಅಕ್ಕಿ ಸಾಲದೆ ಗೆಣಸು, ಮರಗೆಣಸು, ‘ಬೊ ಬೊ’ ಎಂದು ಅವರು ಕರೆಯುವ ಜೋಳವನ್ನು ಬೆರೆಸಿ ಉಂಡರು. ನಾನು ಜೋಳದ ರೊಟ್ಟಿ ತಿಂದು ಬೆಳೆದವನು. ನಮ್ಮ ಸೀಮೆಯಲ್ಲಿ ಅದು ಅನ್ನಕ್ಕೆ ಸಮ. ಆದರೆ ಸಿಪ್ಪೆ ಸಹಿತ ಇಡಿಯಾಗಿ ಕುದಿಸಿದ ಜೋಳವನ್ನು ತಿಂದ ಒಬ್ಬ ವೃದ್ಧೆ ನನ್ನ ಕೋಣೆಯಲ್ಲಿ ಆ ಹೆಸರು ಹೇಳುವಾಗ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡದ್ದನ್ನು ನಾನು ಮರೆತಿಲ್ಲ. ಇಂಥ ಕಾಲ ದಾಟಿ ಬಂದವರ ಅಡುಗೆಮನೆಯಿಂದ ಒಂದು ಸೀಸೆಯನ್ನು ಯಾರೋ ತೆಗೆದುಕೊಂಡು ಹೋಗುವುದಕ್ಕೆ, ನಾವು ಊಹಿಸದ ಅರ್ಥವಿರಬಹುದು.

ಆದರೆ ಎಲ್ಲವನ್ನೂ ನೆನಪಿನ ಮೇಲೆ ಹಾಕಬೇಡಿ. ಹೃದಯ ಸೋತಾಗ ಕರುಳು, ಯಕೃತ್ತಿನಲ್ಲಿ ನೀರು ನಿಂತು ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದುಂಟು. ಕೆಲವು ಮಾತ್ರೆಗಳೂ ಹಸಿವನ್ನು ಕೊಲ್ಲುತ್ತವೆ. ಗಂಡನನ್ನು ಕಳೆದುಕೊಂಡ ದುಃಖ ಖಿನ್ನತೆಯಾಗಿ ತಿರುಗಿರಲೂಬಹುದು. ಈ ತಲೆಮಾರಿನವರು ‘ನನಗೆ ಬೇಸರ’ ಎನ್ನುವುದಿಲ್ಲ, ‘ತಲೆನೋವು, ನಿದ್ದೆಯಿಲ್ಲ, ಹಸಿವಿಲ್ಲ’ ಎನ್ನುತ್ತಾರೆ. ಅಮೆರಿಕದ ಪ್ರಶ್ನಾವಳಿಗಳು ಇದನ್ನು ಹಿಡಿಯಲಾರವೆಂದೇ ಒರೆಗಾನ್ ರಾಜ್ಯದ ಮನೋವೈದ್ಯ ಡೇವಿಡ್ ಕಿನ್ಜಿ ಮತ್ತು ಸಂಗಡಿಗರು 1982ರಲ್ಲಿ ವಿಯೆಟ್ನಾಮಿ ಭಾಷೆಯಲ್ಲಿಯೇ, ಅವರ ಮಾತುಗಳನ್ನೇ ಇಟ್ಟುಕೊಂಡು ಖಿನ್ನತೆಯ ಅಳತೆಪಟ್ಟಿ ರೂಪಿಸಿದರು. ವೈದ್ಯರ ಮುಂದೆ ಮಗಳು ದುಭಾಷಿಯಾಗಬಾರದು. ತಾಯಿ ಮಗಳ ಬಾಯಲ್ಲಿ ತನ್ನ ಸಂಕಟವನ್ನು ಹೇಳಿಸಲಾರಳು. ಆಸ್ಪತ್ರೆಯಿಂದಲೇ ತರಬೇತಿ ಪಡೆದ ದುಭಾಷಿಯನ್ನು ಕೇಳಿ ಪಡೆಯಿರಿ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಕಾವೇರಿ ಕಡೆಯವಳು (ಗಾರ್ಡನ್ ಗ್ರೋವ್) ಉತ್ತರ:

ನಾನು ವೈದ್ಯೆಯಲ್ಲ. ಲಿಟಲ್ ಸೈಗಾನ್ ಎಂದು ಹೆಸರಾದ ಬೀದಿಗಳ ಪಕ್ಕದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮನೆ ಮಾಡಿಕೊಂಡಿದ್ದೇನೆ. ಪಕ್ಕದ ಮನೆಯ ಅಜ್ಜಿ ನನ್ನ ಬಾಣಂತನದ ಕಾಲದಲ್ಲಿ ನಮ್ಮ ಅಮ್ಮ ಬರುವ ತನಕ ನನ್ನನ್ನು ನೋಡಿಕೊಂಡವರು. ತಣ್ಣೀರು ಮುಟ್ಟಬೇಡ, ಗಾಳಿಗೆ ಕೂರಬೇಡ, ಇದು ಉಷ್ಣ, ಅದು ತಂಪು ಎಂದು ಅವರು ಕೈಸನ್ನೆಯಲ್ಲಿ ಹೇಳುತ್ತಿದ್ದುದೆಲ್ಲ ನನಗೆ ಮೊದಲೇ ಗೊತ್ತಿದ್ದ ಮಾತುಗಳಾಗಿದ್ದವು.

ನಿಮ್ಮ ಬರಹದಲ್ಲಿ ನನಗೆ ನೋವಾದ ಒಂದು ಸಂಗತಿಯೆಂದರೆ, ನಲವತ್ತು ವರ್ಷ ಮನೆಗೆ ಅಡುಗೆ ಮಾಡಿ ಹಾಕಿದ ಹೆಂಗಸು ಈಗ ಮೇಜಿನ ಮುಂದೆ ಕೂತು ಬಡಿಸಿಕೊಳ್ಳುವವರಾಗಿದ್ದಾರೆ. ಅವರಿಗೆ ನಿಲ್ಲಲು ಆಗದಿದ್ದರೆ ಕುರ್ಚಿ ಹಾಕಿ ಕೂರಿಸಿ, ಸೊಪ್ಪು ಬಿಡಿಸಲು ಕೊಡಿ, ಹುಳಿಯ ಹದ ನೋಡಲು ಹೇಳಿ. ನಿಮ್ಮಿಂದಲೂ ಏನಾದರೂ ಅಡುಗೆ ಆಗಲಿ. ಸಾಗರದವರಾದ ನಿಮಗೆ ಒಂದೆಲಗ ಗೊತ್ತೇ ಇದೆ; ಇಲ್ಲಿನ ವಿಯೆಟ್ನಾಮಿ ಅಂಗಡಿಗಳಲ್ಲಿ ‘ರಾವ್ ಮಾ’ ಎಂದು ಮೈ ತಂಪಾಗಲು ರಸ ಹಿಂಡಿ ಮಾರುವುದು ಅದೇ ಸೊಪ್ಪನ್ನು. ಹಾಗಲಕಾಯಿಗೆ ದಕ್ಷಿಣದವರು ‘ಖೋ ಕ್ವಾ’ ಎನ್ನುತ್ತಾರೆ. ಆ ಶಬ್ದಕ್ಕೆ ‘ಕಷ್ಟ ಕಳೆಯಿತು’ ಎಂಬ ಅರ್ಥವೂ ಬರುವುದರಿಂದ, ಹೊಸ ವರ್ಷದ ಟೆಟ್ ಹಬ್ಬದಲ್ಲಿ ಹೂರಣ ತುಂಬಿದ ಹಾಗಲಕಾಯಿಯ ಸಾರು ಅನೇಕ ಮನೆಗಳಲ್ಲಿ ಆಗಲೇಬೇಕು. ಚಾಂದ್ರಮಾಸದ ಮೊದಲ ದಿನ ಮತ್ತು ಹುಣ್ಣಿಮೆಯಂದು ಮಾಂಸ ಬಿಡುವ ಬೌದ್ಧರು ಬಹಳ ಜನ. ನೀವು ಸಸ್ಯಾಹಾರಿಯಾಗಿದ್ದರೆ ಆ ದಿನಗಳಲ್ಲಿ ನೀವೂ ಅತ್ತೆಯವರೂ ಒಂದೇ ಪಾತ್ರೆಯ ಅಡುಗೆಯನ್ನು ಉಣ್ಣಬಹುದು.

ಮಾವನವರ ತಿಥಿಯನ್ನು ಮಾಡುತ್ತಿದ್ದೀರಾ? ಅವರು ‘ಡಾಮ್ ಯೋ’ ಎನ್ನುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನು ಅಟ್ಟು, ಪೂರ್ವಜರ ಪೀಠದ ಮುಂದೆ ಬಟ್ಟಲು, ಉಣ್ಣುವ ಕಡ್ಡಿಗಳ ಸಮೇತ ಇಟ್ಟು, ಊದುಬತ್ತಿ ಆರುವ ತನಕ ಕಾಯ್ದು, ಆಮೇಲೆ ಮನೆಯವರೆಲ್ಲ ಉಣ್ಣುತ್ತಾರೆ. ಪಕ್ಕದ ಮನೆಯ ಅಜ್ಜಿಯ ಮೈದುನ ಕಡಲಿನಲ್ಲಿ ಕಾಣೆಯಾದವರು. ಸತ್ತ ದಿನ ಯಾರಿಗೂ ಗೊತ್ತಿಲ್ಲ. ಹಾಗಾಗಿ ಅವರು ದೋಣಿ ಹತ್ತಿದ ದಿನವನ್ನೇ ತಿಥಿಯಾಗಿ ಇಟ್ಟುಕೊಂಡಿದ್ದಾರೆ. ಆ ದಿನ ಅಜ್ಜಿ ಮೀನಿನ ಮುಳ್ಳುಗಳನ್ನೆಲ್ಲ ಬೆರಳಿನಿಂದ ಹುಡುಕಿ ತೆಗೆದು ಆ ಬಟ್ಟಲಿಗೆ ಹಾಕುವುದನ್ನು ನಾನು ನೋಡಿದ್ದೇನೆ, ಯಾಕೆಂದರೆ ಹೊರಟಾಗ ಹುಡುಗನಿಗೆ ಹನ್ನೊಂದು ವರ್ಷ.

ಸಾಗರದವನು (ಸ್ಯಾನ್ ಹೋಸೆ) ಮೂರು ವಾರಗಳ ಅನಂತರ:

ಮೂವರಿಗೂ ಕೈಮುಗಿಯುತ್ತೇನೆ. ವೈದ್ಯರು ನೀರಿನ ಮಾತ್ರೆಯ ಪ್ರಮಾಣ ಬದಲಿಸಿದ್ದಾರೆ. ಬೆಳವಲ ಸರ್ ಹೇಳಿದಂತೆ ಹೊಟ್ಟೆ ತುಂಬಿದಂತಾಗುವ ತೊಂದರೆ ನಿಜವಾಗಿಯೂ ಇತ್ತು. ದುಭಾಷಿಯೊಂದಿಗೆ ಅತ್ತೆಯವರು ಮುಕ್ಕಾಲು ಗಂಟೆ ಮಾತನಾಡಿದರು, ನಾವಿಬ್ಬರೂ ಹೊರಗೆ ಕೂತಿದ್ದೆವು. ಮುಂದಿನ ತಿಂಗಳಿಂದ ವಿಯೆಟ್ನಾಮಿ ಬಲ್ಲ ಆಪ್ತಸಲಹೆಗಾರರೊಬ್ಬರು ನೋಡಲಿದ್ದಾರೆ. ಕಪಾಟಿನಲ್ಲಿ ಕಷಾಯದ ಎರಡು ಪೊಟ್ಟಣಗಳೂ ಸಿಕ್ಕವು. ಎರಡರಲ್ಲಿಯೂ ಜೇಷ್ಠಮಧು ಇತ್ತು.

ಸೀಸೆಯನ್ನು ಗ್ಯಾರೇಜಿನಿಂದ ತಂದು ಮೇಜಿನ ಮೇಲಿಟ್ಟವಳು ನನ್ನ ಹೆಂಡತಿಯೇ. ಏನೂ ಹೇಳದೆ ಅಳತೆಯ ಚಮಚವನ್ನು ಪಕ್ಕದಲ್ಲಿಟ್ಟಳು. ಅತ್ತೆಯವರು ಸೀಸೆಯ ಮುಚ್ಚಳ ತೆಗೆದು ಮೂಸಿ, ಚಮಚದ ಅಂಚಿನ ತನಕ ತುಂಬಿ, ಒಂದು ಹನಿ ಹೊರಚೆಲ್ಲದಂತೆ ಬಟ್ಟಲಿಗೆ ಸುರಿದು, ಚಮಚವನ್ನು ನಿಂಬೆರಸದಲ್ಲಿ ತೊಳೆದು ಆ ರಸವನ್ನೂ ಅದಕ್ಕೇ ಹಾಕಿದರು. ಅಂದು ಒಂದು ಬಟ್ಟಲು ಅನ್ನ ಉಂಡರು. ಹುಳಿ ಸಾರಿಗೆ ಕೆಸುವಿನ ದಂಟನ್ನು ನಾನೇ ನಾರು ತೆಗೆದು ಹೆಚ್ಚಿದೆ. ತುಂಡು ದೊಡ್ಡದಾಯಿತೆಂದು ನನ್ನ ಕೈಯಿಂದ ಚಾಕು ಕಸಿದುಕೊಂಡರು.

ಕಳೆದ ಭಾನುವಾರ ಒಂದೆಲಗ ತಂದು, ಉಪ್ಪಿಲ್ಲದೆ, ತೆಂಗಿನಕಾಯಿ, ಮೆಣಸು, ಜೀರಿಗೆ ಹಾಕಿ ತಂಬುಳಿ ಮಾಡಿದೆ. ರುಬ್ಬುವ ಮೊದಲೇ ಎಲೆ ನೋಡಿ ‘ರಾವ್ ಮಾ!’ ಎಂದು ಕೂಗಿದರು. ತಮ್ಮ ಮನೆಯ ಹಿಂದಿನ ಕಾಲುವೆಯ ದಂಡೆಯಲ್ಲಿ ತಮ್ಮನ ಜೊತೆ ಕೂತು ಅದನ್ನು ಕೀಳುತ್ತಿದ್ದುದನ್ನು ಹೇಳಿದರು. ಆ ತಮ್ಮ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಗೂ ಹೆಸರಷ್ಟೇ ಗೊತ್ತಿತ್ತು. ಅವರು ಇವರಿಗಿಂತ ಒಂದು ವರ್ಷ ಮೊದಲು, 1979ರಲ್ಲಿ, ಬೇರೆ ದೋಣಿಯಲ್ಲಿ ಹೊರಟವರು. ಮಾವನವರು ಇರುವ ತನಕ ಅವರ ತಿಥಿಯನ್ನು ಇಬ್ಬರೇ ಸದ್ದಿಲ್ಲದೆ ಮಾಡುತ್ತಿದ್ದರಂತೆ, ಎರಡು ವರ್ಷಗಳಿಂದ ನಿಂತಿದೆ. ಈ ಸಲದ ದಿನ ಇನ್ನು ಹತ್ತೊಂಬತ್ತು ದಿನಕ್ಕೆ ಬರುತ್ತದೆ. ಪೀಠದ ಮುಂದೆ ಇಡಲು ಹುಳಿ ಸಾರು ಮಾಡಬೇಕೆಂದು, ಜೊತೆಗೆ ನನ್ನ ತಂಬುಳಿಯೂ ಇರಲೆಂದು ಹೇಳಿದ್ದಾರೆ.

ಕಾವೇರಿ ಕಡೆಯ ಅಕ್ಕ, ನಿಮ್ಮಲ್ಲಿ ಒಂದು ಬೇಡಿಕೆ. ಆ ಸಾರಿಗೆ ಕೊನೆಯಲ್ಲಿ ‘ರಾವ್ ಓಮ್’ ಎಂಬ ಗದ್ದೆಯ ಸೊಪ್ಪು ಬೀಳಲೇಬೇಕಂತೆ. ತಮ್ಮನಿಗೆ ಅದಿಲ್ಲದಿದ್ದರೆ ನಡೆಯುತ್ತಿರಲಿಲ್ಲವಂತೆ. ಇಲ್ಲಿನ ಅಂಗಡಿಯಲ್ಲಿ ಸಿಕ್ಕದ್ದು ಎರಡು ಸಲವೂ ಬಾಡಿತ್ತು. ನಿಮ್ಮ ಪಕ್ಕದ ಮನೆಯ ಅಜ್ಜಿಯ ಹಿತ್ತಲಿನಲ್ಲಿದ್ದರೆ, ನೀರಿನಲ್ಲಿಟ್ಟರೆ ಬೇರು ಬಿಡುವಂಥ ನಾಲ್ಕು ಕಡ್ಡಿಗಳನ್ನು ಕೇಳಿ ತೆಗೆದಿಡಲು ಸಾಧ್ಯವೇ? ಶನಿವಾರ ನಾನೇ ಕಾರಿನಲ್ಲಿ ಬಂದು ಒಯ್ಯುತ್ತೇನೆ.